ಅಪ್‌ಡೇಟ್: ಅಡ್ಡ ಬಾವಿಯಲ್ಲಿ ಬಿಟ್‌ಗೆ ಭಾರ ತಲುಪದ ಸಮಸ್ಯೆ ಬಗೆಹರೀತು

ಒಮಾನ್‌ನ ನಮ್ಮ ರಿಗ್‌ನಲ್ಲಿ (ಬಾವಿ ಕೊರೆಯೋ ಯಂತ್ರ) ಮೊದಲು ನೆಟ್ಟಗೆ ಇಳಿದು ಆಮೇಲೆ ಅಡ್ಡಕ್ಕೆ ತಿರುಗೋ ಬಾವಿ ಕೊರೀತಿದ್ವಿ. ಪೈಪ್ ತಿರುಗಿಸದೆ ಮಡ್ ಮೋಟಾರ್‌ನಲ್ಲಿ (ಪಂಪ್ ಮಾಡೋ ಕೊರೆಯುವ ದ್ರವ, ಅಂದ್ರೆ ಮಡ್‌ನ ಬಲದಿಂದ ಬಿಟ್ ತಿರುಗಿಸೋ ಮೋಟಾರ್) ಕೊರೆಯುವಾಗ, ಮೇಲಿಂದ ಎಷ್ಟು ಭಾರ ಬಿಟ್ಟರೂ ಬಿಟ್ (ಪೈಪ್ ತುದಿಯ ಕೊರೆಯೋ ಹಲ್ಲು) ಮುಂದಕ್ಕೆ ಹೋಗ್ತಿಲ್ಲ ಅಂತ ಇಲ್ಲಿ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಮಡ್‌ಗೆ ಲೂಬ್ರಿಕೆಂಟ್ ಹಾಕಿ ಅಂದಿದ್ರಿ. ಹಾಕಿದ್ವಿ, ಸ್ವಲ್ಪ ಹೊತ್ತು ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತದೇ ರಗಳೆ. ಬಿಟ್ ಹತ್ತಿರ ಡ್ರಿಲ್ ಕಾಲರ್ (ತುಂಬಾ ಭಾರದ ದಪ್ಪ ಪೈಪ್) ಹೆಚ್ಚಿಸಿ ಅನ್ನೋದನ್ನ ನಮ್ಮ ಇಂಜಿನಿಯರ್ ಒಪ್ಪಲೇ ಇಲ್ಲ. ಅಡ್ಡ ಭಾಗದಲ್ಲಿ ಭಾರದ ಪೈಪ್ ಮುಂದಕ್ಕೆ ತಳ್ಳಲ್ಲ, ಕೆಳಗೋಡೆ ಮೇಲೆ ಕೂತು ಘರ್ಷಣೆ ಹೆಚ್ಚಿಸುತ್ತೆ, ಅಷ್ಟೇ.

ಕೈ ಹಿಡಿದಿದ್ದು, ಹೆವಿವೇಟ್ ಪೈಪ್‌ಗಳನ್ನ (ಮಾಮೂಲಿಗಿಂತ ದಪ್ಪ, ಭಾರದ ಪೈಪ್) ಮೇಲೆ, ನೆಟ್ಟಗೆ ಕೆಳಗಿಳಿಯೋ ಭಾಗಕ್ಕೆ ಹಾಕಿ ಅನ್ನೋ ಸಲಹೆ. ಇಡೀ ಸ್ಟ್ರಿಂಗ್ (ಜೋಡಿಸಿದ ಪೈಪ್‌ಗಳ ಸಾಲು) ಹೊರತೆಗೆದು ಜೋಡಿಸಬೇಕಾಯ್ತು. ಡ್ರಿಲ್ಲರ್ ಮುಖ ನೋಡೋ ಹಾಗಿರಲಿಲ್ಲ ಬಿಡಿ. ಆದರೆ ಕೆಳಗಿಳಿದ ಮೇಲೆ ಹುಕ್‌ಲೋಡ್ (ರಿಗ್‌ನ ಕೊಕ್ಕೆ ಮೇಲೆ ತೂಗೋ ಭಾರ) ಕಮ್ಮಿಯಾದ ಹಾಗೇ ಸ್ಟ್ಯಾಂಡ್‌ಪೈಪ್ ಪ್ರೆಶರ್ (ಮಡ್ ಪಂಪ್ ಮಾಡೋ ಒತ್ತಡ) ಏರಿತು. ಬಿಟ್ ಕಲ್ಲು ಕಚ್ಚಿತ್ತು!

ನಂಗೆ ಆಶ್ಚರ್ಯ ಆಗಿದ್ದು ಬೇರೆ. ಪೈಪ್ ಬಾಗೋದು ಅಡ್ಡ ಭಾಗದಲ್ಲೇ ಅಂತ ಅಂದುಕೊಂಡಿದ್ದೆ. ಅಲ್ಲಿ ಪೈಪ್ ತನ್ನ ತೂಕಕ್ಕೇ ಕೆಳಗೋಡೆಗೆ ಅಂಟಿಕೊಂಡು ಬಾಗೋದನ್ನ ತಡೆಯುತ್ತಂತೆ. ಡಾಸನ್, ಪಾಸ್ಲೆ ಅನ್ನೋ ಇಬ್ಬರು ಸಂಶೋಧಕರು 1984ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ನೆಟ್ಟಗಿರೋ ಕಡೆ ಆ ಆಸರೆ ಇಲ್ಲ. ಪೈಪ್ ಉದ್ದಕ್ಕೂ ತಳ್ಳೋ ಬಲ ಮಿತಿ ದಾಟಿದರೆ ಪೈಪ್ ಸ್ಪ್ರಿಂಗ್ ಥರ ಸುರುಳಿಯಾಗುತ್ತೆ. ಆಮೇಲೆ ಆ ಬಲ ದುಪ್ಪಟ್ಟಾದರೆ ಗೋಡೆಗೆ ಒತ್ತೋ ಬಲ ನಾಲ್ಕು ಪಟ್ಟು. ನಾವು ಭಾರ ಬಿಟ್ಟಷ್ಟೂ ಪೈಪ್ ಬಿಗಿಯಾಗ್ತಿದ್ದದ್ದು ಇದಕ್ಕೇ. ದಪ್ಪ ಹೆವಿವೇಟ್ ಪೈಪ್ ಅಷ್ಟು ಸುಲಭಕ್ಕೆ ಸುರುಳಿಯಾಗಲ್ಲ.

ಕಂಪನ ಕೊಡೋ ಟೂಲ್ ಬಗ್ಗೆಯೂ ಹೇಳಿದ್ರಿ. ರಿಗ್‌ನಲ್ಲಿ ಇರಲಿಲ್ಲ, ಹಾಗಾಗಿ ಪ್ರಯತ್ನಿಸಿಲ್ಲ.