ಸೈಟಿನಲ್ಲಿ ಟಿಪ್ಪರ್ ರಿವರ್ಸ್ ಬರುವಾಗ ನೀವು ಏನು ಮಾಡುತ್ತೀರಿ?

ಸೈಟ್ ಎಂಜಿನಿಯರ್, ಬೆಂಗಳೂರು: ನಮ್ಮದು ಅಪಾರ್ಟ್‌ಮೆಂಟ್ ಕೆಲಸ, ಇರುವುದು ಒಂದೇ ಗೇಟು. ಜಲ್ಲಿ, ಎಂ-ಸ್ಯಾಂಡ್ ಟಿಪ್ಪರ್‌ಗಳು ಗೇಟಿನಿಂದ ಒಳಗಿನ ತನಕ ರಿವರ್ಸ್‌ನಲ್ಲೇ ಬರಬೇಕು. ಮೊನ್ನೆ ಬಾಂಡ್ಲಿ ಹೊತ್ತಿದ್ದ ಹೆಣ್ಣುಮಗಳೊಬ್ಬರು ಸ್ವಲ್ಪದರಲ್ಲಿ ಉಳಿದರು. ರಿವರ್ಸ್ ಹಾರ್ನ್ ಆಗುತ್ತಲೇ ಇತ್ತು. ಅನುಭವ ಇದ್ದವರು ಹೇಳಿ.

ಸೇಫ್ಟಿ ಆಫೀಸರ್: ಹಾರ್ನ್ ಬೇಕೇ ಬೇಕು ಸರ್. ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲೇ ಅದು ಇತ್ತು. ಆದರೆ ಅದನ್ನೇ ನಂಬಬೇಡಿ. ಮಿಕ್ಸರ್, ವೈಬ್ರೇಟರ್ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ದಿನವಿಡೀ ಕೇಳಿ ಕೇಳಿ ಯಾರೂ ತಿರುಗಿಯೂ ನೋಡುವುದಿಲ್ಲ. ತಲೆ ಮೇಲೆ ಬಾಂಡ್ಲಿ ಇದ್ದವರು ತಟ್ಟನೆ ತಿರುಗಲಿಕ್ಕೂ ಆಗಲ್ಲ, ಅಲ್ವಾ? ಗಾಡಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ಬಂದರೂ ಸೆಕೆಂಡಿಗೆ ಸುಮಾರು 1.4 ಮೀಟರ್ ಹಿಂದೆ ಬಂದಿರುತ್ತದೆ. ಮೊದಲು ರಿವರ್ಸ್ ಬರುವುದನ್ನೇ ಕಡಿಮೆ ಮಾಡಿ. ನಾವು ಹಿಂದಿನ ಕಾಂಪೌಂಡ್ ಒಡೆಸಿ ಎರಡನೇ ಗೇಟು ಮಾಡಿದೆವು. ಗಾಡಿ ಮುಂದಕ್ಕೇ ಬಂದು ಮುಂದಕ್ಕೇ ಹೋಗುತ್ತದೆ.

ಸೈಟ್ ಎಂಜಿನಿಯರ್: ಹಿಂದೆ ಪಕ್ಕದವರ ಮನೆ ಇದೆ ಸರ್. ಎರಡನೇ ಗೇಟು ಆಗಲ್ಲ.

ಸೇಫ್ಟಿ ಆಫೀಸರ್: ಹಾಗಾದರೆ ಒಳಗೆ ಗಾಡಿ ತಿರುಗಿಸುವಷ್ಟು ಜಾಗ ಬಿಡಿಸಿ. ಅಲ್ಲಿ ಕಂಬಿ, ಸೆಂಟ್ರಿಂಗ್ ಶೀಟ್ ಪೇರಿಸಲು ಬಿಡಬೇಡಿ. ಅದೂ ಆಗದಿದ್ದರೆ ಗಾಡಿ ಹಿಂದೆ ಬರುವಷ್ಟು ಹೊತ್ತು ಆ ದಾರಿಯಲ್ಲಿ ಎಲ್ಲರ ಓಡಾಟ ನಿಲ್ಲಿಸಿ. ಆಳುಗಳು ನಡೆಯುವ ದಾರಿಗೆ ಗಟ್ಟಿ ಬ್ಯಾರಿಕೇಡ್ ಹಾಕಿಸಿ, ಟೇಪ್ ಸಾಲದು.

ಟಿಪ್ಪರ್ ಡ್ರೈವರ್: ಹಿಂದೆ ನೋಡಿ ‘ರೈಟ್’ ಹೇಳುವವರು ಒಬ್ಬರೇ ಇರಲಿ ಸರ್. ಕ್ಲೀನರ್ ಒಂದು ಕಡೆ, ಮೇಸ್ತ್ರಿ ಇನ್ನೊಂದು ಕಡೆ ‘ಬರ್ಲಿ ಬರ್ಲಿ’ ಅಂದರೆ ನಾವು ಯಾರ ಮಾತು ಕೇಳೋದು? ಅವರು ಗಾಡಿಯ ಹಿಂದೆ ನಿಲ್ಲಲೇಬಾರದು, ಬಲಗಡೆ ಕನ್ನಡಿಯಲ್ಲಿ ಕಾಣಬೇಕು. ಕನ್ನಡಿಯಿಂದ ಮರೆಯಾದರೆ ನಾನು ಬ್ರೇಕ್ ಹಾಕಿಬಿಡುತ್ತೇನೆ. ಕೂಗಿದ್ದು ಕ್ಯಾಬಿನ್ನಿಗೆ ಕೇಳಿಸಲ್ಲ. ಕೈಸನ್ನೆ ಮೊದಲೇ ಮಾತಾಡಿಕೊಂಡಿರಬೇಕು. ಕ್ಯಾಮೆರಾ ಇದ್ದರೂ ಧೂಳು ಕೂತರೆ ಏನೂ ಕಾಣಲ್ಲ, ಗೇಟಿನಲ್ಲೇ ಒರೆಸಲು ಹೇಳಿ. ಪಾಯದ ಗುಂಡಿ ಹತ್ತಿರ ಸುರಿಸುವುದಾದರೆ ಅಂಚಿಗಿಂತ ಸಾಕಷ್ಟು ಮೊದಲೇ ದಪ್ಪ ದಿಮ್ಮಿ ಅಡ್ಡ ಹಾಕಿಸಿ. ಟ್ರಿಪ್ ಲೆಕ್ಕದಲ್ಲಿ ದುಡಿಯುವವರಿಗೆ ಮೊದಲೇ ಅವಸರ ಇರುತ್ತದೆ, ನೀವೂ ಬೇಗ ಬೇಗ ಅನ್ನಬೇಡಿ.

ಗಾರೆ ಮೇಸ್ತ್ರಿ: ರಾತ್ರಿಯ ವಿಷಯ ಯಾರೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಟ್ರಾಫಿಕ್ ಹೊತ್ತಿನಲ್ಲಿ ದೊಡ್ಡ ಗಾಡಿಗಳನ್ನು ಬಿಡದ ಕಾರಣ ಮಾಲು ರಾತ್ರಿ ಬರುವುದೇ ಜಾಸ್ತಿ. ಬೇಸಿಗೆಯಲ್ಲಿ ಶೆಡ್ ಒಳಗೆ ಸೆಕೆ ಅಂತ ಆಳುಗಳು ಮರಳಿನ ಮೇಲೆ ಮಲಗುತ್ತಾರೆ. ಟಿಪ್ಪರ್ ಹಿಂದೆ ಬರುವುದೂ ಅಲ್ಲಿಗೇ. ನಮ್ಮಲ್ಲಿ ವಾಚ್‌ಮನ್ ಟಾರ್ಚ್ ಹಿಡಿದು ಆ ಜಾಗವನ್ನೆಲ್ಲ ನಡೆದು ನೋಡಿದ ಮೇಲೇ ಗೇಟು ತೆಗೆಯುವುದು. ಮಲಗಲು ಫ್ಯಾನ್ ಇರುವ ಜಾಗ ಮಾಡಿಕೊಟ್ಟ ಮೇಲೆ ಮರಳಿನ ಹತ್ತಿರ ಯಾರೂ ಹೋಗುತ್ತಿಲ್ಲ.

ಇನ್ನು ಮಕ್ಕಳು. ತಾಯಂದಿರು ಕೆಲಸಕ್ಕೆ ನಿಂತರೆ ಮಕ್ಕಳು ಆಡುವುದು ಮರಳಿನಲ್ಲೇ. ಅಷ್ಟು ಚಿಕ್ಕವರು ಡ್ರೈವರ್ ಕಣ್ಣಿಗೆ ಬೀಳುವುದೇ ಇಲ್ಲ. 50ಕ್ಕಿಂತ ಜಾಸ್ತಿ ಹೆಣ್ಣಾಳುಗಳಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕು ಅಂತ 1996ರ ಕಾಯ್ದೆಯಲ್ಲೇ ಇತ್ತು. ನಿಮ್ಮಲ್ಲಿ ಅಷ್ಟು ಜನ ಇಲ್ಲದಿದ್ದರೂ ಗಾಡಿ ದಾರಿಯಿಂದ ದೂರ ಒಂದು ಶೆಡ್ ಬಿಟ್ಟುಕೊಡಿ ಸರ್. ಮಕ್ಕಳನ್ನು ನೋಡಿಕೊಳ್ಳುವ ಒಬ್ಬರಿಗೆ ದಿನದ ಕೂಲಿ ಕೊಡಿ.