ಸಹಾಯ ಬೇಕು: ನಾಲ್ಕೂವರೆ ನಿಮಿಷದ ಪದ್ಯ 3 ನಿಮಿಷಕ್ಕೆ ಇಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೊದಲ್ನೇ ಸಲ ಪೊಯೆಟ್ರಿ ಸ್ಲ್ಯಾಮ್‌ಗೆ (ಸ್ಟೇಜ್ ಮೇಲೆ ಸ್ವಂತ ಪದ್ಯ ಹೇಳೋ ಸ್ಪರ್ಧೆ) ಹೆಸರು ಕೊಟ್ಟಿದೀನಿ, ಮನೆಯೊಳಗೆ ಹೆಂಗಸರ ಮೇಲೆ ನಡೆಯೋ ಹೊಡೆತ ಬಡಿತದ ಬಗ್ಗೆ ಬರ್ದಿದೀನಿ, ಗೆಳತಿಯೊಬ್ಬಳು ಅನುಭವಿಸಿದ್ದು, ಅವಳನ್ನ ಕೇಳಿನೇ ಬರ್ದಿರೋದು. ಜೋರಾಗಿ ಓದಿದ್ರೆ ನಾಲ್ಕೂವರೆ ನಿಮಿಷ ಆಗ್ತಿದೆ. ರೂಲ್ಸ್ ಮಾಮೂಲಿ, 3 ನಿಮಿಷ, ಮೇಲೆ 10 ಸೆಕೆಂಡ್ ಬಿಡ್ತಾರೆ, ಅದು ದಾಟಿದ್ರೆ ಅಂಕ ಕಟ್, ಮ್ಯೂಸಿಕ್ ಇಲ್ಲ, ಕೈಲಿ ಯಾವ ವಸ್ತುನೂ ಹಿಡಿಯೋ ಹಾಗಿಲ್ಲ. ಫಾಸ್ಟಾಗಿ ಓದಿ ನೋಡ್ದೆ, ಆದ್ರೆ ಅವಳು ಸುಮ್ಮನಾಗೋ ಜಾಗ ಇದೆಯಲ್ಲ, ಅಲ್ಲಿ ನಾನೂ ನಿಲ್ಲಲೇಬೇಕು, ಆ ಮೌನ ತೆಗೆದ್ರೆ ಪದ್ಯನೇ ಸತ್ತೋಗುತ್ತೆ.

ಇನ್ನೊಂದು ವಿಷ್ಯ ನಿದ್ದೆ ಕೆಡಿಸ್ತಿದೆ. ಕೇಳೋಕೆ ಬಂದವರಲ್ಲೇ 5 ಜನ ಸೊನ್ನೆಯಿಂದ 10ರವರೆಗೆ ಅಂಕ ಕೊಡ್ತಾರೆ, ಅತಿ ಹೆಚ್ಚಿಂದು ಅತಿ ಕಡಿಮೆದು ಬಿಟ್ಟು ಉಳಿದ 3 ಕೂಡಿಸ್ತಾರೆ. 1980ರ ದಶಕದಲ್ಲಿ ಶಿಕಾಗೋದಲ್ಲಿ ಕವಿ ಮಾರ್ಕ್ ಸ್ಮಿತ್ ಈ ಸ್ಲ್ಯಾಮ್ ಶುರು ಮಾಡಿದಾಗಿಂದ ತೀರ್ಪು ಪಂಡಿತರದ್ದಲ್ಲ, ಸಾಮಾನ್ಯ ಕೇಳುಗರದ್ದು, ಅದು ನಂಗೆ ತುಂಬಾ ಇಷ್ಟ. ಆದ್ರೂ ಅವಳ ನೋವಿಗೆ ಅಂಕ ಅಂದ್ರೆ ಎದೆ ಹಿಂಡುತ್ತೆ. ಪದ್ಯದಲ್ಲಿ "ನಾನು" ಅಂತ ಹೇಳ್ಲಾ, "ಅವಳು" ಅಂತ್ಲಾ?

ಸ್ಟೇಜ್ ಅನುಭವ ಇರೋರು ದಯವಿಟ್ಟು ಹೇಳಿ, ಯಾವ ಸಾಲು ಉಳಿಸ್ಬೇಕು ಅಂತ ಹೇಗೆ ನಿರ್ಧಾರ ಮಾಡ್ತೀರ? ಕೇಳಿದವರು ಚಪ್ಪಾಳೆ ತಟ್ಟಿ ಎದ್ದು ಹೋಗದೆ, ನಾಳೆ ಪಕ್ಕದ ಮನೇಲಿ ಸದ್ದು ಕೇಳಿದ್ರೆ ಹೋಗಿ ಬಾಗಿಲು ತಟ್ಟಬೇಕು, ಅಂಥ ಕೊನೆ ಹೇಗೆ ಕಟ್ಟಲಿ? ಇಂಥದ್ದೇ ಅನುಭವಿಸಿದವರು ಎದುರಿಗೆ ಕೂತಿರಬಹುದು, ಅವರಿಗೆ ಮೊದಲೇ ಒಂದು ಮಾತು ಹೇಳಿದ್ರೆ ಆ ಟೈಮೂ 3 ನಿಮಿಷದಲ್ಲೇ ಸೇರುತ್ತಾ? ಸ್ಕ್ರಿಪ್ಟ್ ಓದೋಕೆ ಒಪ್ಪಿದ್ರೆ ಇನ್‌ಬಾಕ್ಸ್‌ಗೆ ಕಳಿಸ್ತೀನಿ.