ಡಬ್ಬದ ಮೇಲೆ ಸಕ್ಕರೆ 0, ಒಳಗೆ ಮಾಲ್ಟೊಡೆಕ್ಸ್‌ಟ್ರಿನ್: ಪಥ್ಯದವರಿಗೆ ಕೊಡಬಹುದಾ?

ನಾಗರತ್ನ:
ನಮ್ಮ ಮನೆಯಲ್ಲಿ ಇಬ್ಬರಿಗೆ ಪಥ್ಯ. ಅಪ್ಪನಿಗೆ ಟೈಪ್ 2 ಡಯಾಬಿಟಿಸ್. ಮಗಳಿಗೆ ಸೀಲಿಯಾಕ್, ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಮುಟ್ಟುವ ಹಾಗಿಲ್ಲ. ಅಪ್ಪ ಸೊರಗಿದ್ದಾರೆ ಅಂತ ಒಂದು ಪ್ರೋಟೀನ್ ಪುಡಿ ತಂದೆ. ಮುಂದೆ ದೊಡ್ಡದಾಗಿ "ಸಕ್ಕರೆ ಸೇರಿಸಿಲ್ಲ" ಅಂತ ಇತ್ತು. ಕುಡಿಯುವ ಮೊದಲು ಅವರ ಶುಗರ್ 138. ಒಂದು ಗಂಟೆ ಬಿಟ್ಟು ನೋಡಿದರೆ 229! ಗಾಬರಿಯಾಗಿ ಡಬ್ಬ ತಿರುಗಿಸಿದೆ. ಸಕ್ಕರೆ 0 ಅಂತಲೇ ಇದೆ. ಆದರೆ ಪದಾರ್ಥಗಳ ಪಟ್ಟಿಯಲ್ಲಿ ಎರಡನೆಯದು ಮಾಲ್ಟೊಡೆಕ್ಸ್‌ಟ್ರಿನ್. ಮಗಳ ಸೂಪ್ ಪುಡಿಯಲ್ಲೂ ಅದೇ ಇದೆ, ಪಕ್ಕದಲ್ಲಿ ಗೋಧಿಯದ್ದು ಅಂತ ಬರೆದಿದ್ದಾರೆ. ಇದು ಇಬ್ಬರಿಗೂ ಬೇಡವಾ? ತಿಳಿದವರು ಹೇಳಿ.

ಪ್ರಕಾಶ್:
ಎರಡನ್ನೂ ಎಸೆಯಿರಿ ಅಕ್ಕ. ಅದು ಬಿಳಿ ವಿಷ. ಇಂಥದ್ದನ್ನು ಪಥ್ಯದವರ ಡಬ್ಬದಲ್ಲಿ ಹಾಕುವುದೇ ಮೋಸ.

ಇಮ್ತಿಯಾಜ್:
ವಿಷ ಅನ್ನಬೇಡಿ ಸರ್. ನಾನು ಆಹಾರ ತಯಾರಿಕೆಯಲ್ಲೇ ಕೆಲಸ ಮಾಡುವವನು. ಮೆಕ್ಕೆಜೋಳ, ಆಲೂಗಡ್ಡೆ, ಅಕ್ಕಿ, ಗೋಧಿ, ಯಾವುದರ ಪಿಷ್ಟವಾದರೂ ಸರಿ, ಅದನ್ನು ನೀರಲ್ಲಿ ಕಲಸಿ ಕಿಣ್ವ ಇಲ್ಲವೇ ಆಮ್ಲ ಹಾಕಿ ಕಾಯಿಸುತ್ತಾರೆ. ಪಿಷ್ಟದ ಉದ್ದ ಸರಪಳಿ ತುಂಡಾಗುತ್ತಾ ಹೋಗುತ್ತದೆ. ಕೊನೆಯವರೆಗೆ ಬಿಟ್ಟರೆ ಗ್ಲೂಕೋಸ್. ನಡುವೆ ನಿಲ್ಲಿಸಿ ಒಣಗಿಸಿದರೆ ಮಾಲ್ಟೊಡೆಕ್ಸ್‌ಟ್ರಿನ್. ಎಷ್ಟು ತುಂಡಾಗಿದೆ ಅನ್ನುವುದನ್ನು ಡಿಇ ಅನ್ನುವ ಅಳತೆಯಲ್ಲಿ ಹೇಳುತ್ತೇವೆ. ಪೂರ್ತಿ ಗ್ಲೂಕೋಸ್ ಆದರೆ 100. 20ಕ್ಕಿಂತ ಕಡಿಮೆ ಇದ್ದರೆ ಮಾಲ್ಟೊಡೆಕ್ಸ್‌ಟ್ರಿನ್. ಇದು ಪುಡಿಗೆ ಮೈ ಕೊಡುತ್ತದೆ, ವಾಸನೆ ಹಿಡಿದಿಡುತ್ತದೆ, ನೀರಲ್ಲಿ ಬೇಗ ಕರಗುತ್ತದೆ. ಸಿಹಿಯೂ ಅಷ್ಟಾಗಿ ಇಲ್ಲ.

ವಾಣಿ:
ನಾನು ಡಯಟೀಷಿಯನ್. ಇಮ್ತಿಯಾಜ್ ಹೇಳಿದ್ದು ಸರಿ. ಆದರೆ ತೊಂದರೆ ಇರುವುದೂ ಅಲ್ಲೇ. ನಾಲಗೆಗೆ ಸಿಹಿ ಸಿಗದಿದ್ದರೂ ರಕ್ತಕ್ಕೆ ಅದು ಗ್ಲೂಕೋಸೇ. ಆ ತುಂಡು ಸರಪಳಿಗಳನ್ನು ನಮ್ಮ ಕರುಳಿನ ಕಿಣ್ವಗಳು ಬಹಳ ಬೇಗ ಬಿಡಿಸಿಬಿಡುತ್ತವೆ. ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ಹೇಳುವ ಗ್ಲೈಸೆಮಿಕ್ ಇಂಡೆಕ್ಸ್‌ನಲ್ಲಿ ಗ್ಲೂಕೋಸ್ 100 ಅಂತ ಇಟ್ಟುಕೊಂಡರೆ ನಾವು ದಿನಾ ಬಳಸುವ ಸಕ್ಕರೆ ಸುಮಾರು 65. ಅದರಲ್ಲಿ ಅರ್ಧ ಫ್ರಕ್ಟೋಸ್ ಇರುವುದರಿಂದ ಹಾಗೆ. ಮಾಲ್ಟೊಡೆಕ್ಸ್‌ಟ್ರಿನ್ 85ರ ಮೇಲೆ, ಗ್ಲೂಕೋಸ್ ಹತ್ತಿರವೇ ಬರುತ್ತದೆ. ಅಂದರೆ ಸಕ್ಕರೆ ಬಿಟ್ಟು ಸಕ್ಕರೆಗಿಂತ ಬೇಗ ಏರಿಸುವುದನ್ನು ಕೊಟ್ಟ ಹಾಗಾಯಿತು. ನಾಗರತ್ನ ಅವರೇ, ನಿಮ್ಮ ತಂದೆಗೆ ಆಗಿದ್ದು ಇದೇ ಇರಬೇಕು.

ಪ್ರಕಾಶ್:
ಮೇಡಂ, ಹಾಗಿದ್ದ ಮೇಲೆ ಸಕ್ಕರೆ 0 ಅಂತ ಹೇಗೆ ಬರೆಯುತ್ತಾರೆ? ಸುಳ್ಳು ಅಲ್ವಾ?

ವಾಣಿ:
ಲೆಕ್ಕದ ಪ್ರಕಾರ ಸುಳ್ಳಲ್ಲ. ಆ ಪಟ್ಟಿಯಲ್ಲಿ ಸಕ್ಕರೆ ಅಂದರೆ ಒಂದು ಅಥವಾ ಎರಡು ಕೊಂಡಿ ಇರುವವು ಮಾತ್ರ. ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್, ಲ್ಯಾಕ್ಟೋಸ್ ಇಂಥವು. ಮೂರು ಕೊಂಡಿಯಿಂದ ಮೇಲಿನದ್ದು ಆ ಸಾಲಿಗೆ ಬರುವುದೇ ಇಲ್ಲ. ಆದರೆ ಅದರ ಮೇಲಿನ ಸಾಲು, ಒಟ್ಟು ಕಾರ್ಬೋಹೈಡ್ರೇಟ್, ಅಲ್ಲಿ ಬಚ್ಚಿಡೋಕೆ ಆಗುವುದಿಲ್ಲ. ಒಂದು ಗ್ರಾಂಗೆ 4 ಕ್ಯಾಲೊರಿ, ಸಕ್ಕರೆಯಷ್ಟೇ. ಡಯಾಬಿಟಿಸ್ ಇರುವವರಿಗೆ ನಾನು ಯಾವಾಗಲೂ ಹೇಳುವುದು ಆ ಸಾಲನ್ನೇ ಓದಿ ಅಂತ.

ಇಮ್ತಿಯಾಜ್:
ಆದರೂ ಪ್ರಮಾಣ ನೋಡಬೇಕು. ಚಿಪ್ಸ್ ಮೇಲೆ ಉದುರಿಸುವ ಮಸಾಲೆಯಲ್ಲಿ, ಸಿಹಿಕಾರಕದ ಪುಟ್ಟ ಪೊಟ್ಟಣದಲ್ಲಿ ಇರುವುದು ಒಂದು ಗ್ರಾಂ, ಅಷ್ಟೂ ಇರಲಿಕ್ಕಿಲ್ಲ. ಅದಕ್ಕೆ ಶುಗರ್ ಏರಿತು ಅಂದರೆ ನಾನು ಒಪ್ಪುವುದಿಲ್ಲ.

ಪ್ರಕಾಶ್:
ಒಂದು ಪೊಟ್ಟಣಕ್ಕೆ ಸರಿ. ದಿನಕ್ಕೆ ಎಂಟು ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಸೊನ್ನೆ ಅಂತ ನಂಬಿಕೊಂಡೇ ಹಾಕಿಕೊಳ್ಳುತ್ತಾರೆ.

ವಾಣಿ:
ಈ ಮಾತು ನಿಜ. ಕೀಟೊ ಪಥ್ಯ, ಅಂದರೆ ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಮಾಡುವವರೂ ಇಲ್ಲೇ ಎಡವುತ್ತಾರೆ.

ಅನಿತಾ:
ನನಗೆ ಸೀಲಿಯಾಕ್ ಇದೆ, ಆರು ವರ್ಷ ಆಯಿತು. ಗೋಧಿ ಅನ್ನುವ ಪದ ಕಂಡರೆ ಅಲ್ಲೇ ಕೆಳಗಿಡುತ್ತೇನೆ. ಒಮ್ಮೆ ಇಂಥದ್ದೇ ಸೂಪ್ ಕುಡಿದು ಮೂರು ದಿನ ಒದ್ದಾಡಿದ್ದೇನೆ. ಮಗುವಿನ ವಿಷಯದಲ್ಲಿ ಪ್ರಯೋಗ ಬೇಡ.

ಇಮ್ತಿಯಾಜ್:
ನಿಮ್ಮ ಭಯ ಅರ್ಥವಾಗುತ್ತದೆ ಮೇಡಂ. ಆದರೆ ಗ್ಲುಟೆನ್ ಪ್ರೋಟೀನು. ಮಾಲ್ಟೊಡೆಕ್ಸ್‌ಟ್ರಿನ್ ಮಾಡುವಾಗ ಮೊದಲೇ ಪ್ರೋಟೀನನ್ನು ಬೇರೆ ತೆಗೆದು ಪಿಷ್ಟ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದದ್ದು ಅತ್ಯಲ್ಪ. ಅದಕ್ಕೇ ಯುರೋಪಿನಲ್ಲಿ 2007ರಲ್ಲೇ ಗೋಧಿಯ ಮಾಲ್ಟೊಡೆಕ್ಸ್‌ಟ್ರಿನ್‌ಗೆ ಅಲರ್ಜಿ ಎಚ್ಚರಿಕೆ ಬರೆಯುವುದರಿಂದ ವಿನಾಯಿತಿ ಕೊಟ್ಟರು. ಗ್ಲುಟೆನ್ ರಹಿತ ಅನ್ನಿಸಿಕೊಳ್ಳಲು ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕೆ.ಜಿ.ಗೆ 20 ಮಿಲಿಗ್ರಾಂ. ನೀವು ಕುಡಿದ ಸೂಪಿನಲ್ಲಿ ಬೇರೇನಿತ್ತು ನೆನಪಿದೆಯಾ?

ಅನಿತಾ:
ಪೂರ್ತಿ ನೆನಪಿಲ್ಲ. ಮಾಲ್ಟ್ ಅಂತ ಏನೋ ಇತ್ತು, ಎರಡೂ ಒಂದೇ ಅಂದುಕೊಂಡೆ.

ವಾಣಿ:
ಅಯ್ಯೋ, ಅನಿತಾ, ಅದೇ ಇರಬಹುದು! ಮಾಲ್ಟ್ ಬೇರೆ. ಸಾಮಾನ್ಯವಾಗಿ ಅದು ಮೊಳಕೆ ಬರಿಸಿದ ಬಾರ್ಲಿ. ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಲ್ಲಿ ಗ್ಲುಟೆನ್ ಇರುತ್ತದೆ, ಸೀಲಿಯಾಕ್ ಇರುವವರು ಮುಟ್ಟಬಾರದು. ಹೆಸರು ಒಂದೇ ಥರ ಕೇಳಿಸುವುದರಿಂದ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಇನ್ನೊಂದು ಮಾತು. ಸೀಲಿಯಾಕ್ ಬೇರೆ, ಗೋಧಿ ಅಲರ್ಜಿ ಬೇರೆ. ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಗೋಧಿಯದ್ದನ್ನು ತಗೋಬೇಡಿ.

ಅನಿತಾ:
ಮಾಲ್ಟ್ ವಿಷಯ ಗೊತ್ತಿರಲಿಲ್ಲ. ಆದರೂ ನಾನು ಮೆಕ್ಕೆಜೋಳದ್ದು ಅಂತ ಬರೆದಿರುವುದನ್ನೇ ಹುಡುಕುತ್ತೇನೆ. ಮನಸ್ಸಿಗೆ ನೆಮ್ಮದಿ.

ಶೈಲಜಾ:
ವಿಷ ಅಂದವರಿಗೆ ಒಂದು ಮಾತು. ನಮ್ಮ ಮನೆಯವರಿಗೆ ಕಿಡ್ನಿ ತೊಂದರೆ. ಡಯಾಬಿಟಿಸ್ ಇಲ್ಲ. ಪ್ರೋಟೀನ್ ಕಡಿಮೆ ಮಾಡಿ, ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿದ್ದರು. ಹಾಗೆ ಮಾಡಿ ಮಾಡಿ ತೂಕ ಇಳಿದುಹೋಯಿತು. ಆಗ ಡಯಟೀಷಿಯನ್ ಬರೆದುಕೊಟ್ಟಿದ್ದೇ ಮಾಲ್ಟೊಡೆಕ್ಸ್‌ಟ್ರಿನ್ ಪುಡಿ. ಶಕ್ತಿ ಸಿಗುತ್ತದೆ, ಪ್ರೋಟೀನು, ಪೊಟ್ಯಾಸಿಯಂ ಇಲ್ಲವೇ ಇಲ್ಲ ಅನ್ನಬಹುದು. ಸಿಹಿ ಜಾಸ್ತಿ ಇಲ್ಲದ್ದರಿಂದ ಬಾಯಿಗೂ ಸೇರಿತು. ನಿಮಗೆ ಬೇಡವಾದದ್ದು ನಮಗೆ ಆಸರೆಯಾಯಿತು.

ಪ್ರಕಾಶ್:
ಶೈಲಜಾ ಅವರೇ, ಕ್ಷಮಿಸಿ. ವಿಷ ಅಂದದ್ದು ತಪ್ಪು, ಆ ಮಾತು ಹಿಂದಕ್ಕೆ ತಗೊಂಡೆ. ಆದರೆ ಡಬ್ಬದ ಮುಂದಿನ ಬರಹದ ಮೇಲಿನ ಸಿಟ್ಟು ಹೋಗಿಲ್ಲ. ಸಕ್ಕರೆ ಕಾಯಿಲೆ ಇರುವವರು ಓದುವುದೇ ಅದನ್ನು.

ಇಮ್ತಿಯಾಜ್:
ಹಿಂದೆ ಎಲ್ಲವನ್ನೂ ಬರೆದಿರುತ್ತಾರಲ್ಲ ಸರ್. ಓದುವುದನ್ನು ಕಲಿಸಬೇಕು.

ಪ್ರಕಾಶ್:
ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರ. ನಿಮ್ಮ ಈ ಮಾತಿಗೆ ನಾನು ಒಪ್ಪುವುದಿಲ್ಲ.

ವಾಣಿ:
ಇದರಲ್ಲಿ ನಾನು ಪ್ರಕಾಶ್ ಅವರ ಕಡೆ. ಅಂದ ಹಾಗೆ, ಕೆಲವು ಪೊಟ್ಟಣಗಳ ಮೇಲೆ ರೆಸಿಸ್ಟೆಂಟ್ ಮಾಲ್ಟೊಡೆಕ್ಸ್‌ಟ್ರಿನ್ ಅಂತ ಇರುತ್ತದೆ. ಅದರ ಕೊಂಡಿಗಳನ್ನು ನಮ್ಮ ಕಿಣ್ವಗಳು ಬಹುಪಾಲು ಬಿಡಿಸಲಾರವು, ಅದು ನಾರಿನ ಲೆಕ್ಕ. ಅದನ್ನು ನೋಡಿ ಹೆದರಬೇಡಿ.

ನಾಗರತ್ನ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭೂತಗನ್ನಡಿ ಹಿಡಿದು ಓದಿದೆ. ಒಂದು ಚಮಚ 30 ಗ್ರಾಂ, ಅದರಲ್ಲಿ ಕಾರ್ಬೋಹೈಡ್ರೇಟ್ 19 ಗ್ರಾಂ. ನಾನು ಎರಡು ಚಮಚ ಹಾಕಿದ್ದೆ! ಆ ಡಬ್ಬ ಅಪ್ಪನಿಗೆ ಇನ್ನು ಕೊಡುವುದಿಲ್ಲ, ಅವರ ಡಾಕ್ಟರಿಗೆ ತೋರಿಸುತ್ತೇನೆ. ಮಗಳ ಸೂಪಿನಲ್ಲಿ ಮಾಲ್ಟ್ ಇಲ್ಲ, ಗ್ಲುಟೆನ್ ರಹಿತ ಅಂತಲೂ ಇದೆ. ಅದನ್ನು ಇಟ್ಟುಕೊಂಡಿದ್ದೇನೆ. ವಾಣಿ ಮೇಡಂ, ಅಪ್ಪನಿಗೆ ಪುಡಿ ಬೇಕೇ ಬೇಕು ಅಂದರೆ ಯಾವ ಥರದ್ದು ನೋಡಲಿ?

ವಾಣಿ:
ಪಟ್ಟಿಯಲ್ಲಿ ಮೊದಲು ಬರುವುದು ಪ್ರೋಟೀನೇ ಆಗಿರಲಿ, 30 ಗ್ರಾಂಗೆ ಒಟ್ಟು ಕಾರ್ಬೋಹೈಡ್ರೇಟ್ ಐದಾರು ಗ್ರಾಂ ದಾಟದಿರಲಿ. ಅದಕ್ಕಿಂತ ಮೊದಲು ಅವರ ಕಿಡ್ನಿ ಪರೀಕ್ಷೆಯ ರಿಪೋರ್ಟ್ ಡಾಕ್ಟರಿಗೆ ತೋರಿಸಿ. ಪ್ರೋಟೀನ್ ಎಷ್ಟು ಕೊಡಬಹುದು ಅನ್ನುವುದು ಅದರ ಮೇಲೆ ನಿಂತಿದೆ.